ಎದುರೊಲೆಯ ಕೂಸು

ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಮೂವತ್ತೊಂದು
ಆಚೆದಂಡೆ, ಹುಲಿಗೆವ್ವನ ಮನೆಯ ಮುಂಗಟ್ಟೆ

ಹಿಂದಿನವರೇ,

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೇ ದಿನವಿಲ್ಲ ಎಂದು ನನಗೂ ಗೊತ್ತು. ನಮಗೆ ಇದೆ. ಯಾಕೆ ಬಂತು ಎಂದು ಮುಂದೆ ಹೇಳುತ್ತೇನೆ. ನನ್ನ ಕೆಲವು ಮಾತು ನಿಮಗೆ ಅರ್ಥವಾಗಲಿಕ್ಕಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡಬೇಕು ಎಂದು ಅಂಚೆಯ ಹುಡುಗಿ ಹೇಳಿಕೊಟ್ಟಳು. ಕೇಳಿದ್ದೇನೆ ಎಂದುಕೊಳ್ಳಿ. ಪಡಿ ಹಂಚುತ್ತ ಮುದುಕರಾದವರಿಗೆ ನಮ್ಮನ್ನಾಳುವ ಮಂಡಳಿ ಒಂದು ಮರ್ಯಾದೆ ಮಾಡುತ್ತದೆ. ಕಳೆದುಹೋದ ಕಾಲದವರಿಗೆ ಒಂದು ಓಲೆ ಬರೆಯಲು ಬಿಡುತ್ತದೆ. ಇದಕ್ಕೆ ಹಿಮ್ಮೊಗದ ಅಂಚೆ ಎನ್ನುತ್ತಾರೆ. ಅದು ಹೇಗೆ ಹೋಗುತ್ತದೋ, ಹೋಗುತ್ತದೋ ಇಲ್ಲವೋ, ನನಗೆ ತಿಳಿಯದು. ನಾನು ಕೇಳಿದ್ದು ಹಾಲು ಕೊಡುವ ಒಂದು ಎಮ್ಮೆ. ಕೊಟ್ಟದ್ದು ಇದು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು. ನಿಮ್ಮ ಕಾಲದ ಚಿತ್ರಗಳನ್ನು ನೋಡಿದ್ದೇನೆ. ಹೊಳೆಯ ಮೇಲೆ ಅಷ್ಟುದ್ದದ ಸೇತುವೆ ಇಟ್ಟುಕೊಂಡು ಅದರ ನಡುವೆ ನಿಂತು ಮಂಡಕ್ಕಿ ಮಿರ್ಚಿ ತಿನ್ನುತ್ತೀರಿ. ಈ ದಂಡೆಯ ಹುಡುಗಿಯನ್ನು ಆ ದಂಡೆಗೆ ಕೊಡುತ್ತೀರಿ. ಆ ದಂಡೆಯ ಎಮ್ಮೆ ಈ ದಂಡೆಯಲ್ಲಿ ಮೇದು ಹೋದರೆ ಬೈದು ಸುಮ್ಮನಾಗುತ್ತೀರಿ. ನಿಮ್ಮ ಮುದುಕಿಯರಂತೂ, ಮೊಮ್ಮಗಳು ಬಂದರೆ ಕೈ ತೊಳೆದುಕೊಂಡು ಅನ್ನ ಕಲಸಿ ಬಾಯಿಗಿಡುತ್ತಾರೆ. ಅಷ್ಟು ಸಲೀಸಾಗಿ. ಯಾವ ಮಂಡಳಿಯನ್ನೂ ಕೇಳದೆ. ಆ ಮುದುಕಿಯರು ಎದುರಿಗೆ ಸಿಕ್ಕರೆ ಕೈಯಲ್ಲಿದ್ದ ತಟ್ಟೆ ಕಸಿದುಕೊಂಡೇನು. ಯಾಕೆಂದರೆ ಇಡೀ ಈಚೆದಂಡೆ ನನ್ನ ಕೈಯಿಂದ ಉಂಡು ಬದುಕಿದೆ, ಆದರೆ ನನ್ನ ಸ್ವಂತ ಮೊಮ್ಮಗಳು ನನ್ನ ಕೈಯಿಂದ ಒಂದು ತುತ್ತು ತಿನ್ನಲಿ ಎಂದು ನಾನು ಅವಳು ಬಸುರಿಯಾಗಿ ಹೆರುವ ತನಕ ಕಾಯಬೇಕಾಯಿತು.

ನನ್ನ ಹೆಸರು ಫಕೀರವ್ವ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಎಮ್ಮೆ ಕಾಯಲು ಹೋದವಳು. ಅದಕ್ಕೇ ಅಕ್ಷರ ದಪ್ಪ, ಮಾತು ಅದಕ್ಕಿಂತ ದಪ್ಪ. ನಿಮಗೆ ತುಂಗಭದ್ರೆಯ ಎರಡು ದಂಡೆ ಎಂದರೆ ಬರೀ ಎರಡು ದಂಡೆ. ನಮಗೆ ಅವು ಎರಡು ದೇಶವಾದವು. ಅಣೆಕಟ್ಟಿನ ತೂಬು ಯಾರ ಕೈಯಲ್ಲಿರಬೇಕು ಎಂದು ಕಟ್ಟೆಯ ಮೇಲೆ ಶುರುವಾದ ಮಾತು ಕೋಲಿಗೆ ಬಂತು, ಕೋಲಿನಿಂದ ಬಂದೂಕಿಗೆ ಬಂತು, ಬಂದೂಕಿನಿಂದ ಆಕಾಶದಲ್ಲಿ ಹಾರುವ ಬೆಂಕಿಗೆ ಬಂತು. ಒಂದೇ ಮಾತನಾಡುವ, ಒಂದೇ ದೇವರಿಗೆ ನಡೆದುಕೊಳ್ಳುವ ಜನ ಒಬ್ಬರನ್ನೊಬ್ಬರು ಸುಟ್ಟರು. ಇದನ್ನು ನಾವು ತೂಬಿನ ಜಗಳ ಎಂದು ಕರೆಯುತ್ತೇವೆ. ಅದಕ್ಕೆ ಜಗಳ ಎಂಬ ಸಣ್ಣ ಹೆಸರಿಟ್ಟದ್ದು ನಾಚಿಕೆಗೆ. ಅದರಲ್ಲಿ ನನ್ನ ಗಂಡ ಹೋದ, ಮಗಳು ಹೋದಳು, ಅಳಿಯ ಹೋದ. ಉಳಿದದ್ದು ನಾನು ಮತ್ತು ಮಗಳ ಕೂಸು ಕಸ್ತೂರಿ. ಆಗಿನ್ನೂ ಹಾಲು ಕುಡಿಯುವ ಕೂಸು. ಹಾಲಿದ್ದ ನೆರೆಯವಳು ಒಬ್ಬಳು ಕುಡಿಸುತ್ತಿದ್ದಳು.

ಜಗಳ ನಿಂತ ಮೇಲೆ ಎರಡೂ ದಂಡೆಯಲ್ಲಿ ದಿಕ್ಕಿಲ್ಲದವರೇ ತುಂಬಿದ್ದರು. ಅವರನ್ನು ಬದುಕಿಸುವ ಕೆಲಸಕ್ಕೆ ಅಮೀನಸಾಬನನ್ನು ನಿಲ್ಲಿಸಿದರು. ಅವನೇನೂ ಅಧಿಕಾರಿಯಲ್ಲ, ಹರಿಗೋಲು ಹಾಕುವವನು. ಜಗಳದ ಕಾಲದಲ್ಲಿ ಎರಡೂ ಕಡೆಯ ಹೆಣಗಳನ್ನು ಅವರವರ ದಂಡೆಗೆ ದಾಟಿಸಿದ್ದವನು ಅವನೊಬ್ಬನೇ. ಹಾಗಾಗಿ ಎರಡೂ ಕಡೆಯವರು ಅವನ ಮಾತು ಕೇಳುತ್ತಿದ್ದರು. ಅವನು ದಂಡೆಗೊಂದು ಗಂಜಿಮನೆ ಮಾಡಿದ. ಗಿಡಮರವೆಲ್ಲ ಸುಟ್ಟುಹೋಗಿ ಕಟ್ಟಿಗೆಯಿಲ್ಲ. ದೊಡ್ಡ ದೊಡ್ಡ ಕನ್ನಡಿ ನಿಲ್ಲಿಸಿ ಬಿಸಿಲನ್ನು ಹಂಡೆಯ ತಳಕ್ಕೆ ಹೊಡೆಸುವ ಬಿಸಿಲೊಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಸಜ್ಜೆ ಸಿಕ್ಕರೆ ಸಜ್ಜೆ. ಇಲ್ಲದಿದ್ದರೆ ಪಾಚಿಹಿಟ್ಟು, ಅಂದರೆ ಕಾಲುವೆಯಲ್ಲಿ ಬೆಳೆಸಿ ಒಣಗಿಸಿ ಬೀಸಿದ ಪಾಚಿ. ಹಸಿರು ರೊಟ್ಟಿಯಾಗುತ್ತದೆ, ಕೆರೆಯ ವಾಸನೆ ಬರುತ್ತದೆ, ಹೊಟ್ಟೆ ತುಂಬುತ್ತದೆ. ನೀವು ಮೂಗು ಮುಚ್ಚಿಕೊಳ್ಳಬಹುದು. ಮುಚ್ಚಿಕೊಳ್ಳಲು ಪುಣ್ಯ ಮಾಡಿದ್ದೀರಿ.

ತಾರೀಖಿನ ಕತೆಯೂ ಇದೇ. ಒಂದು ತಿಂಗಳ ಕಾಳನ್ನು ಮೂವತ್ತು ದಿನಕ್ಕೆಂದು ಅಳೆದು ಕೊಡುತ್ತಿದ್ದೆವು. ಮೂವತ್ತೊಂದನೇ ದಿನವಿರುವ ತಿಂಗಳಲ್ಲಿ ಆ ದಿನ ಒಲೆ ಹೊತ್ತುತ್ತಿರಲಿಲ್ಲ, ಜನ ಹೊತ್ತಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ಸೌಟಿನಿಂದ ಅಮೀನಸಾಬನ ತಲೆಗೆ ಹೊಡೆದಳು. ಅವನು ತಲೆ ಒರೆಸಿಕೊಂಡು, "ಈಕಿ ಹೇಳೂದು ಖರೆ ಐತಿ. ತಪ್ಪು ನಮ್ಮದಲ್ಲ, ತಿಂಗಳದ್ದು" ಎಂದ. ಆವತ್ತಿನಿಂದ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಫೆಬ್ರವರಿಗೂ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರಿದವಲ್ಲ. ಅವಕ್ಕೆ ಹೊರದಿನ ಎನ್ನುತ್ತೇವೆ. ಫೆಬ್ರವರಿ ಮುಗಿದ ಮಾರನೇ ದಿನ ಶುರು. ಆಗ ಯಾರೂ ತಮ್ಮ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಎರಡೂ ದಂಡೆಯವರು ಹೊಳೆಯ ನಡುವಿನ ಮರಳುದಿಣ್ಣೆಗೆ ಬಂದು, ಇದ್ದದ್ದು ತಂದು, ಒಂದೇ ಹಂಡೆಯಲ್ಲಿ ಬೇಯಿಸಿ ಉಣ್ಣಬೇಕು.

ಈಚೆದಂಡೆಯ ಗಂಜಿಮನೆಗೆ ನನ್ನನ್ನು ಪಡಿಯಮ್ಮ ಮಾಡಿದರು. ಸೇರು ಹಿಡಿದು ಅಳೆದು ಕೊಡುವವಳು ಪಡಿಯಮ್ಮ. ಗಂಟಲು ದೊಡ್ಡದು, ಒಳಗೊಳಗೇ ಕೊಡಲು ನೆಂಟರೂ ಉಳಿದಿಲ್ಲ, ಅದಕ್ಕೆ ನಾನು. ಪಡಿಯಮ್ಮನಿಗೆ ಕಟ್ಟಳೆ ಬಿಗಿಯಾಗಿದ್ದವು. ಕದ್ದು ಬೇಯಿಸಬಾರದೆಂದು ಮನೆಯಲ್ಲಿ ಒಲೆ ಇಡುವಂತಿಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ನಿಂತುಕೊಂಡೇ ಉಣ್ಣಬೇಕು. ಬಡಿಸಿದ ಮೇಲೆ ಹಿಂದೆ ಸರಿದು ನಿಲ್ಲಬೇಕು, ಉಣ್ಣುವವರ ಬಾಯಿ ನೋಡಬಾರದು. ಕೈಯೊಡ್ಡಿದವರಿಗೆ ನಾಚಿಕೆಯಾಗಬಾರದಲ್ಲ. ಒಳ್ಳೆಯ ಕಟ್ಟಳೆಗಳೇ. ಇವತ್ತಿಗೂ ಒಳ್ಳೆಯವೇ ಎನ್ನುತ್ತೇನೆ. ಆದರೆ ಒಲೆಯಿಲ್ಲದ ಮನೆಯ ಕೂಸು ಕಾಯ್ದೆಯ ಪ್ರಕಾರ ದಿಕ್ಕಿಲ್ಲದ ಕೂಸು. ಕಸ್ತೂರಿಗೆ ಹಲ್ಲು ಬಂದು ಅನ್ನ ತಿನ್ನುವ ಹೊತ್ತಿಗೆ ಅವಳ ಹೆಸರೂ ದಿಕ್ಕಿಲ್ಲದವರಲ್ಲಿ ಸೇರಿತು.

ಅಷ್ಟರಲ್ಲಿ ಎದುರೊಲೆ ಎಂಬ ಕಟ್ಟಳೆ ಬಂದಿತ್ತು. ಮೊದಲ ಬೇಸಿಗೆಯಲ್ಲಿ ಆಚೆದಂಡೆಯ ಕಾಳಿನ ಹರಿಗೋಲನ್ನು ನಮ್ಮ ಪುಂಡರು ಸುಟ್ಟರು. ನಮ್ಮ ಗಂಜಿಯಲ್ಲಿ ಅವರು ವಿಷ ಹಾಕಿದ್ದಾರೆಂದು ಯಾರೋ ಕೂಗಿದರು; ಹಸಿದ ಮಕ್ಕಳ ಕಣ್ಣೆದುರಿಗೇ ಜನ ಹಂಡೆ ಮಗುಚಿದರು. ವಿಷವಿರಲಿಲ್ಲ. ಮಣ್ಣಿಗೆ ಬಿದ್ದ ಗಂಜಿಯನ್ನು ಮಕ್ಕಳು ನೆಕ್ಕಿದವು, ಯಾರೂ ಸಾಯಲಿಲ್ಲ. ಆವತ್ತು ಅಮೀನಸಾಬ ಹೊಳೆಯ ಮಧ್ಯೆ ಹರಿಗೋಲು ನಿಲ್ಲಿಸಿ, ಎರಡೂ ಕಡೆಗೆ ಕೇಳುವ ಹಾಗೆ ಕೂಗಿ ಹೇಳಿದ: "ಇನ್ನ ಮ್ಯಾಲೆ ಈ ದಂಡಿ ತಬ್ಬಲಿ ಕೂಸು ಆ ದಂಡಿಯಾಗ ಉಣ್ಣಬೇಕು, ಆ ದಂಡಿದು ಈ ದಂಡಿಯಾಗ. ನಿಮ್ಮ ಕೂಸು ಉಣ್ಣೋ ಮನಿಗೆ ನೀವು ಬೆಂಕಿ ಹಾಕ್ತೀರೇನು? ಹಾಕ್ರಿ ನೋಡೋಣ!" ಉಣಿಸುವವಳಿಗೆ ಬಟ್ಟಲವ್ವ ಎಂದು ಹೆಸರಾಯಿತು. ಅವಳಿಗೂ ಕೂಸಿಗೂ ಒಂದೇ ಬಟ್ಟಲು. ಮೊದಲ ತುತ್ತು ಅವಳು ತಿನ್ನಬೇಕು, ಕೂಸು ನೋಡಬೇಕು, ಆಮೇಲೆ ಕೂಸಿಗೆ. ವಿಷದ ಭಯ ಹೋಗಲಿ ಎಂದು ಮಾಡಿದ ಕಟ್ಟಳೆ. ಅದನ್ನು ನಮ್ಮ ದಂಡೆಯಲ್ಲಿ ಓಣಿ ಓಣಿ ತಿರುಗಿ ಸಾರಿದವಳು ನಾನೇ. ಎಲ್ಲರ ಕೂಸನ್ನೂ ಹರಿಗೋಲು ಹತ್ತಿಸಿ ನನ್ನದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳಲು ಆಗುತ್ತಿತ್ತೇ? ಹತ್ತಿಸಿದೆ. ಸೇರು ಬಿಟ್ಟು ಮನೆಯಲ್ಲಿ ಕೂರಬಹುದಿತ್ತಲ್ಲ ಎನ್ನಬೇಡಿ. ಆ ಸೇರಿನ ಮೇಲೆ ಕಣ್ಣಿಟ್ಟವರು ಯಾರೆಂದು ನೀವು ನೋಡಿಲ್ಲ.

ಕಸ್ತೂರಿಗೆ ಸಿಕ್ಕ ಬಟ್ಟಲವ್ವ ಹುಲಿಗೆವ್ವ. ಈಗ ಇವಳ ವಿಷಯ ಬರೆಯಬೇಕು, ಕೈ ಬರುತ್ತಿಲ್ಲ. ಅವಳ ಇಬ್ಬರು ಗಂಡುಮಕ್ಕಳನ್ನು ನಮ್ಮ ದಂಡೆಯ ಬೆಂಕಿ ಸುಟ್ಟಿತು. ಅಂಥವಳು ನಮ್ಮ ದಂಡೆಯ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೊದಲ ತುತ್ತು ತಾನು ತಿಂದು, ಎರಡನೆಯದನ್ನು ಅದರ ಬಾಯಿಗಿಟ್ಟಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಖವಿತ್ತು! ಕೂಸನ್ನು ಹೊಡೆದಿದ್ದರೆ, ಹಸಿವಿಗೆ ಕೆಡವಿದ್ದರೆ, ಹೊಳೆ ಈಜಿ ಹೋಗಿ ಅವಳ ಜುಟ್ಟು ಹಿಡಿಯುತ್ತಿದ್ದೆ. ಆ ಸುಖವನ್ನೂ ಅವಳು ನನಗೆ ಕೊಡಲಿಲ್ಲ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಮೈಮುರಿಯುವ ಕೆಲಸ. ಬೈಯಲು ಬಾಯಿಗೆ ಏನೂ ಸಿಗುವುದಿಲ್ಲ.

ತಿಂಗಳಿಗೊಮ್ಮೆ ಪಡಿಯ ದಿನ ಬಟ್ಟಲವ್ವಂದಿರು ಕೂಸುಗಳನ್ನು ಕರೆದುಕೊಂಡು ನಮ್ಮ ದಂಡೆಗೆ ಬರುತ್ತಿದ್ದರು. ಕಸ್ತೂರಿ ಅವಳ ಸೊಂಟದ ಮೇಲೆ ಬಂದಳು, ಆಮೇಲೆ ಅವಳ ಕೈ ಹಿಡಿದು ಬಂದಳು, ಆಮೇಲೆ ಅವಳ ಗಂಟು ತಾನೇ ಹೊತ್ತು ಬಂದಳು. ಹುಲಿಗೆವ್ವನಿಗೆ 'ಅವ್ವಾ'. ನನಗೆ, ಎಲ್ಲರೂ ಕರೆಯುವ ಹಾಗೆ 'ಪಡಿಯಮ್ಮ'. ಅವಳಿಗೆ 'ನೀ', ನನಗೆ 'ರೀ'. ಹುಲಿಗೆವ್ವ ತಂದ ಬುತ್ತಿ ಉಂಡ ಮೇಲೆ ಬಟ್ಟಲಿಗೆ ನೀರು ಸುರಿದು, ಬೆರಳಾಡಿಸಿ, ಆ ನೀರನ್ನೂ ಕುಡಿಯುತ್ತಿದ್ದಳು. ಅದು ಹುಲಿಗೆವ್ವನ ಅಭ್ಯಾಸ. ನಗುವಾಗ ಬಾಯಿಗೆ ಸೆರಗು ಹಿಡಿಯುತ್ತಿದ್ದಳು, ಅದೂ ಅವಳದೇ. ನನ್ನ ಮಗಳ ಮೂಗು ಇಟ್ಟುಕೊಂಡು ಅವಳ ನಗೆ ನಗುತ್ತಿದ್ದಳು. "ನಿಮ್ಮ ಮೊಮ್ಮಗಳಿಗೆ ಸಿಟ್ಟು ಭಾಳ, ಯಕ್ಕಾ. ಯಾರ ಕಡೆಯಿಂದ ಬಂತೋ?" ಎಂದು ಹುಲಿಗೆವ್ವ ಒಮ್ಮೆ ಕೇಳಿದಳು. ಅವಳು ನನ್ನ ಓರಗೆಯವಳು. ಆದರೂ 'ಯಕ್ಕಾ' ಎನ್ನುವುದು ತಾನು ಸಣ್ಣವಳೆಂದು ತೋರಿಸಲು. "ಸಿಟ್ಟಾದ್ರೂ ನಮ್ಮದು ಉಳೀತಲ್ಲ, ಅದನ್ನೂ ನೆಕ್ಕಿಬಿಡಬ್ಯಾಡ" ಎಂದೆ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಪಕ್ಕದಲ್ಲಿ ಕಸ್ತೂರಿಯೂ ಹಾಗೇ ನಕ್ಕಳು.

ಮಕ್ಕಳು ದೊಡ್ಡವರಾದ ಮೇಲೆ ಎದುರೊಲೆಯ ಕಟ್ಟಳೆಯನ್ನು ಮಂಡಳಿ ತೆಗೆದುಹಾಕಿತು. ಕಸ್ತೂರಿ ಸೇತುವೆ ಕಟ್ಟುವ ಕೆಲಸದ ಪಂಪಣ್ಣನನ್ನು ಮದುವೆಯಾದಳು. ಹೌದು, ಈಗ ಮತ್ತೆ ಸೇತುವೆ ಕಟ್ಟುತ್ತಿದ್ದಾರೆ. ಜಗಳದಲ್ಲಿ ಬಿದ್ದ ನಿಮ್ಮ ಸೇತುವೆಯಲ್ಲಿ ಉಳಿದ ಕಂಬಗಳ ಮೇಲೆಯೇ. ನನ್ನನ್ನೂ ಸೇರಿನಿಂದ ಬಿಡಿಸಿದರು, ಒಲೆ ಇಡಲು ಅಪ್ಪಣೆಯಾಯಿತು. ಅಷ್ಟರಲ್ಲಿ ಕಸ್ತೂರಿ ಬಸುರಿ ಎಂದು ಸುದ್ದಿ ಬಂತು. ಚೊಚ್ಚಲ ಹೆರಿಗೆ ತವರಿನಲ್ಲಿ. ಇದು ನಿಮ್ಮಲ್ಲೂ ಇದೆ, ನಮ್ಮಲ್ಲೂ ಉಳಿದಿದೆ. ಅವಳ ತವರು ಯಾವುದು? ಹೆತ್ತವಳ ತಾಯಿ ಗಟ್ಟಿಯಾಗಿ ಕೂತಿದ್ದೇನಲ್ಲ! ಹೊಳೆಯ ಜೇಡಿ ತಂದು ತುಳಿದು, ಹೊಟ್ಟು ಬೆರೆಸಿ, ನನ್ನ ಕೈಯಾರೆ ಒಲೆ ಹಾಕಿದೆ. ನನ್ನ ಪಡಿಯಲ್ಲಿ ಉಳಿಸಿ ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ ಕೂಡಿಸಿದೆ. ನಮ್ಮ ಕಾಲದಲ್ಲಿ ಕೊಬ್ಬರಿ ಕೂಡಿಸುವುದೆಂದರೆ ಏನೆಂದು ನಿಮಗೆ ಹೇಗೆ ತಿಳಿಯಬೇಕು. ಹಳೆಯ ಸೀರೆಯಲ್ಲಿ ಕೂಸಿಗೆ ಕುಂಚಿಗೆ ಹೊಲಿದೆ. ಓಣಿಗೆಲ್ಲ ಹೇಳಿಕೊಂಡು ಬಂದೆ, ನನ್ನ ಮನೆಯಲ್ಲಿ ಬಾಣಂತನ ಎಂದು.

ಕಸ್ತೂರಿ ಒಂದು ಮಧ್ಯಾಹ್ನ ಬಂದಳು. ಹೊಸಿಲ ಮೇಲೆಯೇ ನಿಂತು, "ಪಡಿಯಮ್ಮ, ಹೆರಿಗೀಗೆ ಅವ್ವನ ಕಡೆ ಹೊಂಟೀನ್ರಿ. ನಿಮಗ ಹೇಳಿ ಹೋಗೋಣಂತ ಬಂದೆ" ಎಂದಳು.

"ಯಾವ ಅವ್ವ? ನಿಮ್ಮವ್ವ ತೂಬಿನ ಜಗಳದಾಗ ಸತ್ತಾಳ."

"ಹೆತ್ತಾಕಿ ಸತ್ತಾಳ್ರಿ."

"ಹೆತ್ತಾಕೀನ ಹೆತ್ತಾಕಿ ಇಲ್ಲೇ ಅದೀನಿ ನಾನು! ನೋಡು, ನಿನಗಂತ ಒಲಿ ಹಾಕೀನಿ."

ಅವಳು ಒಳಗೆ ಬಂದು ಬಗ್ಗಲಾರದೆ ಬಗ್ಗಿ ಒಲೆಯ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. "ಚಲೋ ಹಾಕೀರಿ. ಆದ್ರ ಇನ್ನೂ ಹಸಿ ಐತ್ರಿ" ಎಂದಳು. ಅಂಗೈ ಒರೆಸಿಕೊಂಡು ಹೋದಳು. ಬಾಗಿಲಲ್ಲಿ ನಿಂತು ಹೊಳೆಗೆ ಕೇಳುವಷ್ಟು ಬೈದೆ. ಅವಳನ್ನಲ್ಲ, ಹುಲಿಗೆವ್ವನನ್ನು. ಹುಲಿಗೆವ್ವನಿಗೆ ಅದು ಕೇಳಿಸಿತಂತೆ. "ಯಕ್ಕನ ಗಂಟಲು ಇನ್ನೂ ಗಟ್ಟಿ ಐತಿ ಬಿಡು" ಎಂದಳಂತೆ.

ಕೂಸು ಹುಟ್ಟಿದ ಸುದ್ದಿಯನ್ನು ಪಂಪಣ್ಣನೇ ಬಂದು ಹೇಳಿದ. ಹೆಣ್ಣು. ಹೋಗಬಾರದೆಂದಿದ್ದೆ. ಆದರೆ ಆ ಹೆಂಗಸಿಗೆ ಬಾಣಂತನ ಮಾಡಲು ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು, ಏನೇನು ತಪ್ಪು ಮಾಡುತ್ತಿದ್ದಾಳೆ ನೋಡಿ ಬರೋಣವೆಂದು ಕೂಡಿಸಿಟ್ಟ ಕೊಬ್ಬರಿ ಬೆಲ್ಲದಲ್ಲಿ ಅಂಟಿನುಂಡಿ ಕಟ್ಟಿ ಬುಟ್ಟಿಯಲ್ಲಿಟ್ಟು ಹರಿಗೋಲು ಹತ್ತಿದೆ. ತಪ್ಪು ಒಂದೂ ಇರಲಿಲ್ಲ. ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ ಹದವಾಗಿತ್ತು. ಲೋಬಾನದ ಹೊಗೆ ಹಾಕಿ, ತಲೆಗೆ ಬಟ್ಟೆ ಕಟ್ಟಿ, ಬಾಣಂತಿಯನ್ನು ಗಾಳಿಗೆ ಬೆನ್ನು ಮಾಡಿ ಕೂರಿಸಿದ್ದಳು. ಕೂಸಿನ ತಲೆಗೆ ಅವಳು ಹೊಲಿದ ಕುಂಚಿಗೆ ಇತ್ತು. ನನ್ನದಕ್ಕಿಂತ ಚೆನ್ನಾಗಿತ್ತು. ಹೋಗಲಿ.

ಒಂದು ಉಂಡಿ ತೆಗೆದು ಕಸ್ತೂರಿಯ ಬಟ್ಟಲಿಗಿಟ್ಟೆ. "ತಿನ್ನು" ಎಂದು ಹೇಳಿ, ರೂಢಿಯಂತೆ ಹಿಂದೆ ಸರಿದು ಗೋಡೆಗೆ ನಿಂತು ಮುಖ ಆಚೆ ಮಾಡಿದೆ. ಕಡಿಯುವ ಸದ್ದಿಲ್ಲ. ತಿರುಗಿ ನೋಡಿದರೆ ಬಟ್ಟಲು ಹಿಡಿದುಕೊಂಡು ಕೂತಿದ್ದಾಳೆ. "ತಿನ್ನಬೇ" ಎಂದೆ. "ಹೂಂನ್ರಿ" ಎಂದಳು. ತಿನ್ನಲಿಲ್ಲ. ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. "ಈಚೆದಂಡಿ ಬೆಲ್ಲ ನಿನಗ ಕಹಿ ಆತೇನು? ಇಡೀ ದಂಡಿ ನನ್ನ ಕೈಯಾಗ ಉಂಡು ಬದುಕೇತಿ, ನಿನಗೊಬ್ಬಾಕಿಗೆ ಸೇರಂಗಿಲ್ಲ! ಅಕಿ ಕೊಟ್ಟಿದ್ರ ನುಂಗ್ತಿದ್ದಿ!"

ಕೂಸು ಎದ್ದು ಚೀರಿತು. ಕಸ್ತೂರಿಯ ಕಣ್ಣು ತುಂಬಿತು. "ನಾ ಕಾಯಾಕತ್ತೀನ್ರಿ" ಎಂದಳು.

"ಯಾರಿಗೆ ಕಾಯ್ತಿ?"

ಅಡುಗೆಮನೆಯಿಂದ ಹುಲಿಗೆವ್ವನ ದನಿ ಬಂತು. "ನಿನಗ ಕಾಯಾಕತ್ಯಾಳ, ಯಕ್ಕಾ! ಮೊದಲು ನೀ ಕಡಿದು ಕೊಡಬೇಕು. ಬಾಯಿ ಮಾಡೋದೊಂದು ಕಲ್ತಿ, ಕಡಿಯೋದು ಕಲೀಲಿಲ್ಲ ನೀನು."

ಆಗ ನನಗೆ ತಿಳಿಯಿತು. ಕಟ್ಟಳೆ ಹೋಗಿ ಎಷ್ಟೋ ವರ್ಷವಾಯಿತು, ಮುಗಿಯಿತೆಂದುಕೊಂಡಿದ್ದೆ. ಅದು ಮಂಡಳಿಯಿಂದ ಹೋಗಿತ್ತು, ಈ ಹುಡುಗಿಯ ಗಂಟಲಿನಿಂದ ಹೋಗಿರಲಿಲ್ಲ. ಕೊಡುವ ಕೈ ಮೊದಲು ತಿಂದು ತೋರಿಸದೆ ಅವಳಿಗೆ ತುತ್ತು ಇಳಿಯುವುದಿಲ್ಲ. ನನಗೋ, ಬಡಿಸಿದವಳು ಮೊದಲು ತಿನ್ನುವುದೆಂದರೆ ಕಳ್ಳತನ. ನಾನು ಅವಳಿಗೆ ಮರ್ಯಾದೆ ಕೊಟ್ಟು ಹಿಂದೆ ಸರಿದು ನಿಂತಿದ್ದೆ. ಅವಳು ನನಗೆ ಮರ್ಯಾದೆ ಕೊಟ್ಟು ಕಾಯುತ್ತ ಕೂತಿದ್ದಳು. ನಾವು ಹೀಗೇ ನಿಂತಿದ್ದರೆ ಆ ಉಂಡಿಗೆ ಇರುವೆ ಹತ್ತುತ್ತಿತ್ತು.

ಹೊರಸಿನ ಅಂಚಿಗೆ ಕೂತೆ. ಉಂಡಿ ಎತ್ತಿಕೊಂಡೆ. ಮುಂದಿನ ಹಲ್ಲಿಲ್ಲದ್ದರಿಂದ ದವಡೆಗೆ ಕೊಟ್ಟು ಕಡಿದೆ. ಗಟ್ಟಿಯಾಗಿತ್ತು, ಪಾಕ ಏರಿತ್ತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಸಣ್ಣ ಕೂಸು ನೋಡುವ ಹಾಗೆ. ನುಂಗಿದೆ. ಉಳಿದದ್ದನ್ನು ಅವಳ ಬಾಯಿಗಿಟ್ಟೆ. ತಿಂದಳು.

"ಬೆಲ್ಲ ಕಡಿಮಿ ಆಗೇತಿ" ಎಂದಳು.

"ನಾನೂ ಅದನ್ನೇ ಅನ್ಕೊಂಡೆ, ನೋಡಿದ ಕೂಡ್ಲೆ" ಎಂದಳು ಒಳಗಿನಿಂದ ಹುಲಿಗೆವ್ವ, ರುಚಿಯೇ ನೋಡದೆ.

"ಇನ್ನೊಂದು ಕಡಿ" ಎಂದಳು ಕಸ್ತೂರಿ. "ಕಡಿದು ಕೊಡು."

ಇಲ್ಲಿಗೆ ಹೊಟ್ಟೆ ತಣ್ಣಗಾಯಿತೇ ಎಂದು ಕೇಳುತ್ತೀರಿ. ಇಲ್ಲ. ಒಂದು ತುತ್ತು ಕೊಟ್ಟು ಆ ರುಚಿ ತಿಳಿದ ಮೇಲೆ ಕಿಚ್ಚು ಇನ್ನೂ ಏರಿತು. ಇಂಥ ತುತ್ತನ್ನು ಹುಲಿಗೆವ್ವ ದಿನಾ ಕೊಟ್ಟಿದ್ದಾಳಲ್ಲ, ಮೂರು ಹೊತ್ತೂ, ಬರಗಾಲದಲ್ಲೂ! ನಾನು ಸೇರುಗಟ್ಟಲೆ ಅಳೆದೆ, ಊರು ಉಳಿಸಿದೆ, ನನಗೆ ಹಿಮ್ಮೊಗದ ಅಂಚೆ ಸಿಕ್ಕಿತು. ಅವಳು ಅರ್ಧ ಬಟ್ಟಲು ಉಂಡಳು, ಅವಳಿಗೆ ಮಗಳು ಸಿಕ್ಕಳು. ಮತ್ತೆ ಕೇಳಿದರೆ ನಾನು ಸೇರನ್ನೇ ಹಿಡಿಯುತ್ತೇನೆ, ಯಾರೋ ಹಿಡಿಯಬೇಕಲ್ಲ. ಆದರೆ ಹೊಟ್ಟೆಕಿಚ್ಚು ಪಡುವುದನ್ನು ಯಾವ ಮಂಡಳಿಯೂ ತಡೆಯಲಾರದು.

ಆವತ್ತಿನಿಂದ ಇಲ್ಲೇ ಇದ್ದೇನೆ. ಕರೆದರೆಂದಲ್ಲ, ಹೋಗು ಎಂದು ಯಾರೂ ಹೇಳಲಿಲ್ಲ. ಈ ಮನೆಯಲ್ಲಿ ಬಟ್ಟಲು ಒಂದೇ. ಅದರಲ್ಲಿ ಮೂವರೂ ಉಣ್ಣುತ್ತೇವೆ, ಮೊದಲ ತುತ್ತಿಗೆ ನಾನೂ ಹುಲಿಗೆವ್ವನೂ ಜಗಳವಾಡುತ್ತೇವೆ. ನಾಳೆಯಿಂದ ಹೊರದಿನ. ಮರಳುದಿಣ್ಣೆಯಲ್ಲಿ ಒಂದೇ ಹಂಡೆಗೆ ನಾವಿಬ್ಬರೂ ಕೈ ಹಾಕಬೇಕು. ಉಪ್ಪು ನಾನು ಹಾಕುತ್ತೇನೆ ಎಂದು ಈಗಲೇ ಹೇಳಿಟ್ಟಿದ್ದೇನೆ.

ಓಲೆಯ ಕೊನೆಗೆ ಏನಾದರೂ ಬೇಡಿಕೊಳ್ಳಬೇಕಂತೆ. ನಾನು ಬೇಡುವವಳಲ್ಲ, ಹೇಳುತ್ತೇನೆ. ನಿಮ್ಮ ಹೊಳೆಗೂ ಇನ್ನೊಂದು ದಂಡೆ ಇದೆ. ಹೊಳೆಯಿಲ್ಲದ ಊರಿನಲ್ಲಿ ಇನ್ನೊಂದು ಓಣಿ ಇದೆ. ಸೇತುವೆ ಇರುವಾಗಲೇ, ಯಾರೂ ಕಾಯ್ದೆ ಮಾಡಿ ಕಳಿಸದಿರುವಾಗಲೇ, ನೀವಾಗಿ ಹೋಗಿ ಅಲ್ಲೊಂದು ಊಟ ಮಾಡಿ ಬನ್ನಿ. ಮೊದಲ ತುತ್ತು ಯಾರದು ಎಂದು ಕೇಳದೆ ಉಣ್ಣುವ ಭಾಗ್ಯ ನಿಮಗಿದೆ. ಅದಿದ್ದೂ ಮನೆಯಲ್ಲಿ ಕೂತಿದ್ದೀರಿ ಎಂದು ನನಗೆ ತಿಳಿದರೆ, ಇನ್ನೊಂದು ಓಲೆಗೆ ಅಪ್ಪಣೆ ಇಲ್ಲದಿದ್ದರೂ ಬರೆದು ಬೈಯುತ್ತೇನೆ.

ಕಸ್ತೂರಿ ಇವತ್ತಿಗೂ ನನ್ನನ್ನು ಪಡಿಯಮ್ಮ ಎಂದೇ ಕರೆಯುತ್ತಾಳೆ. ಕರೆಯಲಿ. ಅವಳ ಕೂಸು ಇನ್ನೂ ಯಾರನ್ನೂ ಏನೂ ಎಂದು ಕರೆದಿಲ್ಲ, ಅದರ ಬಾಯಲ್ಲಿ ಜಾಗ ಖಾಲಿ ಇದೆ. ಒಳಗೆ ಅದು ಈಗ ಎದ್ದು ಕುಂಯ್‌ಗುಡುತ್ತಿದೆ. ಹುಲಿಗೆವ್ವ ಹಿತ್ತಲಲ್ಲಿ ಕೈ ತೊಳೆಯುವ ಸದ್ದು ಕೇಳಿಸುತ್ತಿದೆ. ಅವಳು ಬಂದು ಎತ್ತಿಕೊಳ್ಳುವುದರೊಳಗೆ ನಾನು ಹೋಗಬೇಕು.

ಫಕೀರವ್ವ